ಸೋಪಿನ ಮೇಲಿನ ಅಚ್ಚು

ಅಪ್ಪನ ಚಟ್ಟಕ್ಕೆ ಹೆಗಲು ಕೊಡಲು ಬಗ್ಗಿದಾಗ ಮಗನ ಜೇಬಿನಿಂದ ಸೋಪು ಜಾರಿತು. ನೆಲ ಮುಟ್ಟುವ ಮೊದಲೇ ಹಿಡಿದು ಒಳಗೆ ತುರುಕಿಕೊಂಡ. ನೋಡಿದವನು ಬಾಮೈದ ಒಬ್ಬನೇ.

ಕಾಗದದಲ್ಲಿ ಸುತ್ತಿದ ಆ ಸೋಪಿನ ಮೇಲೆ ಒಂದು ಬೀಗದ ಕೈಯ ಅಚ್ಚು ಮೂಡಿತ್ತು. ಬಾಮೈದನನ್ನು ಕೆಲಸದಿಂದ ತೆಗೆದ ಗೋದಾಮಿನದು. 'ನನ್ನ ಸಾಮಾನು ಅಲ್ಲೇ ಉಳಿದಿದೆ ಭಾವ, ಒಂದು ಬೀಗದ ಕೈ ಮಾಡಿಕೊಡಿ' ಎಂದಿದ್ದ. ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಆಗ ಒಳಕೋಣೆಯಲ್ಲಿ ಅಪ್ಪ ಉಸಿರಿಗಾಗಿ ಒದ್ದಾಡುತ್ತಿದ್ದರು. ಇವನು ತೊಲಗಿದರೆ ಸಾಕೆಂದು ಮಗ 'ಆಯ್ತು' ಎಂದುಬಿಟ್ಟಿದ್ದ. ಎಲ್ಲಿಟ್ಟರೆ ಯಾರ ಕಣ್ಣಿಗೆ ಬೀಳುತ್ತದೋ ಎಂಬ ದಿಗಿಲಿನಲ್ಲಿ ಇಂದೂ ಅದನ್ನು ಮೈಮೇಲೇ ಹೊತ್ತು ತಿರುಗುತ್ತಿದ್ದ. ಬಿಸಿಲಿಗೆ ಅದರ ವಾಸನೆ ಮೂಗಿಗೆ ಅಡರುತ್ತಿತ್ತು.

ಅಪ್ಪನ ಬೀಗದ ಕೈ ಮಾಡುವ ಅಂಗಡಿಯ ಪಕ್ಕದ ದರ್ಜಿ ಜೊತೆಗೆ ಹೆಜ್ಜೆ ಹಾಕುತ್ತ ಹೇಳಿದ: "ಒಂದ್ಸಲ ನನ್ನ ಅಂಗಡಿ ಬೀಗದ ಕೈ ಕಳೆದೋಯ್ತು. ಇನ್ನೊಂದು ಮಾಡ್ಕೊಡಿ ಅಣ್ಣಾ ಅಂದ್ರೆ, ಅಂಗಡಿ ನಿಂದೇ ಅಂತ ಯಾರ್ ಹೇಳ್ತಾರೆ ಅಂದ್ರು ನಿಮ್ಮಪ್ಪ. ದಿನಾ ಮುಖ ನೋಡೋ ಮನುಷ್ಯ! ಕೊನೆಗೆ ನನ್ನ ಹೆಂಡ್ತಿ ಬಂದು ಸಾಕ್ಷಿ ಹೇಳ್ಬೇಕಾಯ್ತು."

"ಅವಳು ಹೌದು ಅಂದಳಲ್ಲ, ಅದೇ ಪುಣ್ಯ," ಎಂದರು ಹಿಂದಿನಿಂದ ಯಾರೋ. ಅಳುತ್ತಿದ್ದವರೂ ನಕ್ಕರು. ಮಗನಿಗೆ ನಗು ಬರಲಿಲ್ಲ.

ಬಾಮೈದ ಕಿವಿಯ ಹತ್ತಿರ ಬಂದ. "ಭಾವ, ನಾಳೆಗಾದ್ರೂ ಆಗುತ್ತಾ? ಗೋದಾಮಿನೋರು ಬೀಗ ಬದಲಾಯಿಸಿಬಿಡ್ತಾರೆ."

"ಇವತ್ತು ಆ ಮಾತು ಬೇಡ ಕಣೋ."

"ಒಪ್ಕೊಂಡಿದ್ದು ನೀವೇ. ಇನ್ನು ನಿಮ್ಮನ್ನ ತಡೆಯೋರಾದ್ರೂ ಯಾರಿದ್ದಾರೆ?"

ಮಗ ಹೆಗಲ ಮೇಲಿನ ಬಿದಿರನ್ನು ಸರಿಮಾಡಿಕೊಂಡ. ನಿಜ. ಯಾರಿದ್ದಾರೆ?

\*

ವರ್ಷಗಳ ಹಿಂದಿನ ಮಾತು; ಮಗ ಆಗಿನ್ನೂ ಅಪ್ಪನ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ. ಇಸ್ತ್ರಿ ಮಾಡಿದ ಬಟ್ಟೆಯ ಒಬ್ಬರು ಬಂದು ಇಂಥದೇ ಅಚ್ಚನ್ನು ಮುಂದಿಟ್ಟು, "ಹೆಂಡತಿಯ ಬೀರುವಿನದು," ಎಂದರು.

"ಅಮ್ಮಾವ್ರನ್ನ ಕರ್ಕೊಂಡು ಬನ್ನಿ ಸ್ವಾಮಿ. ಇಲ್ಲಾಂದ್ರೆ ನಾನೇ ಮನೆಗೆ ಬರ್ತೀನಿ," ಎಂದರು ಅಪ್ಪ.

ಅವರು ಬೈದು ಹೋದರು. ಅಪ್ಪನ ಕೈ ನಡುಗುತ್ತಿತ್ತು. ಬೀಗದ ಕೈ ಮಾಡಲು ಉಜ್ಜುವ ಅರವನ್ನು ಕೆಳಗಿಟ್ಟು ಕಣ್ಣು ಮುಚ್ಚಿದರು. ದಿನಾ ಬೆಳಿಗ್ಗೆ ಅಂಗಡಿ ತೆರೆಯುವಾಗ ಹೇಳುತ್ತಿದ್ದ ಮಾತನ್ನೇ ಮತ್ತೆ ಹೇಳಿಕೊಂಡರು: "ದೇವರೇ, ಈ ಕೈಯಿಂದ ಯಾರ ಮನೆಯ ನಿದ್ದೆಯೂ ಕೆಡದಿರಲಿ."

"ನಿಮಗ್ಯಾಕಪ್ಪಾ ಭಯ? ನೀವು ಗಟ್ಟಿಗರು."

"ಗಟ್ಟಿಗನಾಗಿದ್ರೆ ದಿನಾ ಯಾಕೋ ಬೇಡ್ಕೋತಿದ್ದೆ? ಈಗ ತಾನೇ ಮಾಡ್ಕೊಟ್ಟುಬಿಡೋಣ ಅನ್ನಿಸಿತ್ತು."

\*

ಮಣ್ಣು ಮಾಡಿ ಎಲ್ಲರೂ ಮನೆಗೆ ಬಂದರು. ಹಿತ್ತಲಿನ ನಲ್ಲಿಯ ಮುಂದೆ ಕೆಸರುಗೈಗಳ ಸಾಲು.

"ಬಚ್ಚಲಲ್ಲಿ ಸೋಪು ಮುಗಿದುಹೋಗಿದೆಯಲ್ಲಪ್ಪಾ," ಎಂದು ಅಮ್ಮ ಬಾಗಿಲಲ್ಲಿ ನಿಂತು ಪೇಚಾಡಿದರು. "ಇಷ್ಟು ಜನಕ್ಕೆ ಏನು ಕೊಡಲಿ?"

ಮಗನ ಕೈ ಜೇಬಿನ ಮೇಲೆ ಹೋಗಿ ಅಲ್ಲೇ ನಿಂತಿತು. ಪಕ್ಕದಲ್ಲಿದ್ದ ಬಾಮೈದ ಮೆಲ್ಲಗೆ, "ಭಾವ, ಬೇಡ," ಎಂದ.

ಮಗ ಕಣ್ಣು ಮುಚ್ಚಿದ. ತುಟಿ ಅಲುಗಿತು. ಕಾಗದ ಬಿಚ್ಚಿ, ಸೋಪನ್ನು ನೀರಿಗೆ ಹಿಡಿದ. ಎರಡೂ ಅಂಗೈಗಳ ನಡುವೆ ಉಜ್ಜಿದ. ಬೀಗದ ಕೈಯ ಹಲ್ಲುಗಳು ಸವೆದವು. ನೊರೆ ಮಣ್ಣಿನ ಬಣ್ಣ ತಾಳಿ ಹರಿಯಿತು.

"ತಗೋ," ಎಂದು ಬಾಮೈದನ ಕೈಗಿಟ್ಟ. "ನೀನೂ ತೊಳ್ಕೋ."

ಜಾರುವ ಸೋಪನ್ನು ಹಿಡಿದು ಬಾಮೈದ ಹಾಗೇ ನಿಂತ. ಹಿಂದಿನಿಂದ ದರ್ಜಿ ತನ್ನ ಕೆಸರುಗೈಯನ್ನು ಮುಂದೆ ಚಾಚಿದ್ದ.