ಮೂವತ್ತೊಂದು ಎಣಿಸಿದ ಮೇಲೆ

ಆ ಪತ್ರದಲ್ಲಿ ಹೀಗಿತ್ತು: "ಚಿನಕುರಳಿ ಬಳಿಯ ಹಳೇ ಕಲ್ಲುಗುಂಡಿಯಲ್ಲಿ ನಲವತ್ತು ಅಡಿ ಆಳಕ್ಕೆ ಮುಳುಗಿ, ತಳ ಮುಟ್ಟಿ ಶೋಧಿಸಿದ ಧೈರ್ಯವಂತ ಈಜುಗಾರ ಮರಿಸ್ವಾಮಿ." ಕೆಳಗೆ ಇನ್ಸ್‌ಪೆಕ್ಟರ ಸಹಿ, ನೀಲಿ ಸೀಲು. ಮರಿಸ್ವಾಮಿ ಅಂದರೆ ನಾನು. ಆ ಸಾಲಿನಲ್ಲಿ "ತಳ ಮುಟ್ಟಿ" ಅನ್ನುವುದು ಸುಳ್ಳು. ಅದು ನನಗೊಬ್ಬನಿಗೇ ಗೊತ್ತು ಅಂದುಕೊಂಡಿದ್ದೆ.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಲೆಕ್ಕ ಬರಲಿಲ್ಲ ಅಂತ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರು. ಎಲ್ಲರೂ ನಕ್ಕರು. ಬೆಂಚಿನಿಂದ ಇಳಿದು ನೇರ ಹೊರಗೆ ನಡೆದೆ, ತಿರುಗಿ ಹೋಗಲಿಲ್ಲ. ಕೊನೆಗೆ ಸೇರಿದ್ದು ಶ್ರೀರಂಗಪಟ್ಟಣದಲ್ಲಿ ದ್ಯಾವಯ್ಯನ ಹತ್ತಿರ. ದ್ಯಾವಯ್ಯ ಹೊಳೆಯಲ್ಲಿ ಹೆಣ ಎತ್ತುವವನು. ಯಾರಾದರೂ ಮುಳುಗಿದರೆ ಪೊಲೀಸರೇ ಅವನ ಗುಡಿಸಲಿಗೆ ಜೀಪು ಕಳಿಸುತ್ತಿದ್ದರು. ಲೆಕ್ಕ ಬಾರದ ನನಗೆ ಅವನು ಎಣಿಸುವುದನ್ನು ಕಲಿಸಿದ. ನೀರೊಳಗೆ ಕಣ್ಣು ಬಿಟ್ಟುಕೊಂಡು, ಗಾಬರಿಯಾಗದೆ, ಒಂದೇ ಸಮ ಎಣಿಸಬೇಕು. ಮೊದಲ ವರ್ಷ ಮೂವತ್ತಕ್ಕೆ ಮೇಲೆ ಬರುತ್ತಿದ್ದೆ. ಏಳು ವರ್ಷಕ್ಕೆ ತೊಂಬತ್ತು ಮುಟ್ಟಿದೆ.

ಅವನದೊಂದು ಕಟ್ಟಳೆ ಇತ್ತು. ಮುಳುಗಿದವನು ಬರಿಗೈಯಲ್ಲಿ ಮೇಲೆ ಬರಬಾರದು. ಹೆಣ ಸಿಗದಿದ್ದರೆ ತಳದ ಮಣ್ಣು ಒಂದು ಹಿಡಿ ತಂದು, ದಡದಲ್ಲಿ ಕಾಯುತ್ತಿರುವ ಮನೆಯವರ ಮುಂದೆ ಮುಷ್ಟಿ ಬಿಚ್ಚಬೇಕು.

"ಯಾಕಜ್ಜ?" ಅಂತ ಒಮ್ಮೆ ಕೇಳಿದ್ದೆ.

"ಕಾಯ್ಕಂಡು ಕುಂತಿರೋರು ನೀರೊಳಕ್ಕೆ ಬರಕ್ಕಾಯ್ತದೇನ್ಲಾ? ನಿನ್ ಕಣ್ಣೇ ಅವ್ರ ಕಣ್ಣು. ಮಣ್ಣು ತರ್ದೆ ಬಾಯ್ ಬುಡಬ್ಯಾಡ."

ಚಳಿ, ಬಿಸಿಲು, ಪ್ರವಾಹ ಅನ್ನದೆ ಏಳು ವರ್ಷ ಮುಳುಗಿದ್ದೇನೆ. ಕಿವಿ ಸೋರಿದೆ, ಮೂಗಿನಿಂದ ರಕ್ತ ಸುರಿದಿದೆ. ಹನ್ನೊಂದು ಹೆಣ ಎತ್ತಿದ್ದೇನೆ. ಇವನು ಕಷ್ಟಪಡಲಿಲ್ಲ ಅಂತ ಯಾವನೂ ನನಗೆ ಹೇಳಕೂಡದು. ನನ್ನ ಮೇಲೆ ನನಗಿರುವ ಸಿಟ್ಟೂ ಅದಕ್ಕೇ. ಕಷ್ಟಪಟ್ಟು ಕಲಿಯದವನು ಸುಳ್ಳು ಹೇಳಿದರೆ ಅದಕ್ಕೊಂದು ನೆಪವಾದರೂ ಇರುತ್ತದೆ.

ತೊಂಬತ್ತನಾಲ್ಕರ ಕಾರ್ತಿಕ. ಆ ಕಲ್ಲುಗುಂಡಿಯಲ್ಲಿ ಕೆಲಸ ನಿಂತು ಎರಡು ವರ್ಷವಾಗಿ, ನೀರು ತುಂಬಿಕೊಂಡಿತ್ತು. ಅದರ ದಡದಲ್ಲಿ ಚಲುವರಾಜುವಿನ ಟವೆಲು ಸಿಕ್ಕಿತು. ಇಪ್ಪತ್ತೇಳು ವರ್ಷದ ಕಲ್ಲುಕೆಲಸದವನು. ಹಿಂದಿನ ಸಂಜೆ ಹೆಂಡತಿ ಮಾದಮ್ಮನ ಜೊತೆ ಜಗಳವಾಡಿ, ಬೊಂಬಾಯಿಗೆ ಹೋಗುತ್ತೇನೆ ಅಂತ ಮನೆ ಬಿಟ್ಟಿದ್ದ. ಕೆ.ಆರ್. ಪೇಟೆ ಕಡೆಯ ಅವನ ಷಡ್ಡಕ ಬೊಂಬಾಯಿಯ ಒಂದು ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದ. ಚಲುವರಾಜು ದಿನವೂ ಗುಂಡಿಯಲ್ಲೇ ಸ್ನಾನ ಮಾಡುತ್ತಿದ್ದವನು, ಟವೆಲು ಮರೆತಿರಲೂಬಹುದು. ಅವನು ನೀರಿನಲ್ಲಿದ್ದಾನೋ ಬೊಂಬಾಯಿ ದಾರಿಯಲ್ಲಿದ್ದಾನೋ, ಅದೊಂದು ತಿಳಿಯಬೇಕಿತ್ತು.

ದ್ಯಾವಯ್ಯನ ಕಿವಿಯ ತಮಟೆ ಅಷ್ಟರಲ್ಲಿ ಹರಿದುಹೋಗಿತ್ತು, ಅವನು ನೀರಿಗಿಳಿಯುವಂತಿರಲಿಲ್ಲ. ಜೀಪು ನನ್ನನ್ನು ಕರೆದೊಯ್ದಿತು. ಮೊದಲ ಸಲ ಒಬ್ಬನೇ. ದಡದಲ್ಲಿ ಇನ್ನೂರು ಜನ. ಇನ್ಸ್‌ಪೆಕ್ಟರು ಹೆಗಲ ಮೇಲೆ ಕೈಯಿಟ್ಟು, "ಶ್ರೀರಂಗಪಟ್ಟಣದಲ್ಲಿ ಹೊಳೆ ಕಾಯೋಕೆ ಈಜುಗಾರರನ್ನ ತಗೋತಾರಂತೆ ಕಣಯ್ಯಾ. ಇವತ್ತು ಚೆನ್ನಾಗಿ ಮಾಡು, ನಾನು ಬರೆದುಕೊಡ್ತೀನಿ," ಅಂದರು.

ಮುಳುಗಿದೆ. ಹೊಳೆಯ ನೀರಿಗೆ ಜೀವ ಇರುತ್ತದೆ, ತಳ್ಳುತ್ತದೆ, ಎಳೆಯುತ್ತದೆ. ಈ ನೀರು ಸುಮ್ಮನೆ ನಿಂತಿತ್ತು. ಒಂದಾಳುದ್ದ ಇಳಿದ ಮೇಲೆ ಚಳಿ ಕೊರೆಯತೊಡಗಿತು. ಬಂಡೆಯ ಗೋಡೆ ಸವರಿಕೊಂಡು ಇಳಿದೆ. ಎಣಿಕೆ ಮೂವತ್ತೊಂದಕ್ಕೆ ಬಂದಾಗ ಕಾಲಿಗೆ ನೆಲ ಸಿಕ್ಕಿತು.

ಅದು ತಳವಲ್ಲ. ಕಲ್ಲು ಕೊರೆಯುವಾಗ ಗೋಡೆಯಲ್ಲಿ ಬಿಟ್ಟ ಹಂತ, ಜಗುಲಿಯಷ್ಟು ಅಗಲ. ಅದರ ಅಂಚಿನಿಂದ ಕೆಳಗೆ ನೋಡಿದೆ. ಕತ್ತಲೆ. ಅದೇನೂ ಹೊಸದಲ್ಲ, ಹೊಳೆಯ ಮಡುವಿನಲ್ಲಿ ಎಷ್ಟೋ ಕತ್ತಲೆ ನೋಡಿದ್ದೆ. ಆದರೆ ಇಲ್ಲಿ, ನಾನು ನೋಡುವ ಮೊದಲೇ ಯಾರೋ ಕೆಳಗಿನಿಂದ ನನ್ನನ್ನು ನೋಡುತ್ತಿದ್ದಾರೆ ಅನ್ನಿಸಿತು.

ಉಸಿರು ಮುಗಿದಿತ್ತು, ಕಿವಿ ಒಡೆಯುತ್ತಿತ್ತು, ಕಾಲು ಸೆಳೆಯಿತು ಅಂತ ಆಮೇಲೆ ನನಗೆ ನಾನೇ ನೂರು ಸಲ ಹೇಳಿಕೊಂಡಿದ್ದೇನೆ. ಸುಳ್ಳು. ಉಸಿರಿತ್ತು. ಹೆದರಿದೆ.

ಹೆದರಿ ಮೇಲೆ ಬಂದಿದ್ದರೆ ಅದು ಬರೀ ಹೆದರಿಕೆ ಆಗುತ್ತಿತ್ತು. ನಾನು ಹಂತದ ಮೇಲೆ ಕುಳಿತೆ. ಬೇಗ ಮೇಲೆ ಹೋದರೆ ಜನ ಏನಂದುಕೊಳ್ಳುತ್ತಾರೆ ಅಂತ, ಬಂಡೆಯ ಮೊನೆ ಹಿಡಿದು, ತೇಲದ ಹಾಗೆ ಕುಳಿತು ಎಣಿಸಿದೆ. ಮೂವತ್ತೆರಡು, ಮೂವತ್ತಮೂರು. ಎಪ್ಪತ್ತರವರೆಗೆ. ಆಮೇಲೆ ಹಂತದ ಮೇಲಿದ್ದ ಮಣ್ಣನ್ನು ಒಂದು ಹಿಡಿ ಬಾಚಿಕೊಂಡು ಮೇಲೆದ್ದೆ.

ಜನ ಹೋ ಅಂದರು. "ಎಷ್ಟೊತ್ತಲಾ! ಗಂಡು ಅಂದ್ರೆ ಗಂಡು!" ಅಂತ ಯಾರೋ ಕೂಗಿದ.

ಮಾದಮ್ಮನ ಮುಂದೆ ನಿಂತು ಮುಷ್ಟಿ ಬಿಚ್ಚಿದೆ. ಕೆಂಪುಮಣ್ಣು, ಬೆರಳಸಂದಿಯಿಂದ ಇಳಿಯುತ್ತಿತ್ತು. ಅವಳು ಅಂಗೈ ನೋಡಿದಳು, ನನ್ನ ಮುಖ ನೋಡಿದಳು, ತಿರುಗಿ ಅಂಗೈ ನೋಡಿದಳು.

"ತಳದಲ್ಲಿ ಯಾರೂ ಇಲ್ಲ," ಅಂದೆ.

"ಸರ್ಯಾಗಿ ನೋಡ್ದಾ ಅಣ್ಣ?"

"ನೋಡ್ದೆ."

ಅವಳು ಜನರ ಕಡೆ ತಿರುಗಿ ಕೂಗಿದಳು: "ನಾ ಏಳ್ಲಿಲ್ವಾ? ಬೊಂಬಾಯ್ಗೇ ಓಗವ್ನೆ, ಸುಡುಗಾಡ್ ನನ್ಮಗ. ಬರ್ಲಿ, ಪೊರ್ಕೆ ಮಡಗಿರ್ತೀನಿ." ಹೇಳುತ್ತ ನಕ್ಕೇಬಿಟ್ಟಳು. ಸುತ್ತ ನಿಂತವರೂ ನಕ್ಕರು. ನಾನೂ ನಕ್ಕೆ.

ಮಾರನೇ ದಿನವೇ ಪತ್ರ ಕೈಗೆ ಬಂತು. ಮೂರನೇ ದಿನ ಮಕ್ಕಳ ದಿನಾಚರಣೆ. ನಾನು ಬಿಟ್ಟ ಅದೇ ಸ್ಕೂಲಿಗೆ ಕರೆಸಿ ಶಾಲು ಹೊದಿಸಿದರು. ಬೆಂಚಿನ ಮೇಲೆ ನಿಲ್ಲಿಸಿದ್ದ ಅದೇ ಮೇಷ್ಟ್ರು ಮೈಕು ಹಿಡಿದು, "ಪರಿಶ್ರಮಕ್ಕೆ ಇವನೇ ಉದಾಹರಣೆ ಮಕ್ಕಳೇ, ಇವನು ಆಳಕ್ಕೆ ಇಳಿಯೋದನ್ನ ಕಲಿತ," ಅಂದರು. ಮಕ್ಕಳು ಚಪ್ಪಾಳೆ ಹೊಡೆದರು. ನಾಲ್ಕು ಮಾತಾಡು ಅಂದಾಗ ಎದ್ದು ನಿಂತು, "ತಳ ಮುಟ್ಟೋವರೆಗೂ ಬಿಡಬಾರದು," ಅಂದೆ. ನನ್ನದೇ ಬಾಯಿ.

ಮಾದಮ್ಮ ಬೊಂಬಾಯಿಗೆ ಕಾರ್ಡು ಹಾಕಿಸಿದ್ದಳಂತೆ. ಮೇಲುಕೋಟೆಗೆ ಹತ್ತಿ ಕಾಯಿ ಒಡೆದು ಬಂದಳಂತೆ. ದಿನಾ ಇಬ್ಬರಿಗೆ ಮುದ್ದೆ ತೊಳಸುತ್ತಿದ್ದಳಂತೆ, ಮಾರನೇ ಬೆಳಿಗ್ಗೆ ಒಂದನ್ನು ಮಜ್ಜಿಗೆಗೆ ಕಿವುಚಿ ಕುಡಿಯುತ್ತಿದ್ದಳಂತೆ.

ಐದನೇ ದಿನ ಚಲುವರಾಜು ಮೇಲೆ ಬಂದ. ನಾನು ಕುಳಿತಿದ್ದ ಹಂತದ ನೇರ ಮೇಲೆ ತೇಲುತ್ತಿದ್ದ.

ಅವತ್ತು ಎಲ್ಲರೂ ನನ್ನನ್ನೇ ಸಮಾಧಾನ ಮಾಡಿದರು. "ಬಂಡೆ ಸಂದಿಗೆ ಸಿಕ್ಕಿಕೊಂಡಿತ್ತು ಕಣಯ್ಯಾ, ನಿನ್ನ ತಪ್ಪೇನಿದೆ," ಅಂದರು ಇನ್ಸ್‌ಪೆಕ್ಟರು. ಊರವರೂ ಅದನ್ನೇ ಅಂದರು. ಬಂಡೆ ಸಂದಿ. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ತಳಕ್ಕೆ ಹೋಗಿದ್ದರೂ ಸಿಗುತ್ತಿರಲಿಲ್ಲ, ಸಂದಿಯಲ್ಲಿದ್ದ. ಪತ್ರವನ್ನು ಯಾರೂ ವಾಪಸ್ ಕೇಳಲಿಲ್ಲ.

ಅಲ್ಲಿಂದ ಶುರುವಾಯಿತು ಎಣಿಕೆ. ನಾಗಮಂಗಲದ ಬಸ್ಸಿನಲ್ಲಿ ಕುಳಿತಿದ್ದಾಗ ಎಂಜಿನ್ನು ನಿಂತು ಒಂದು ಕ್ಷಣ ನಿಶ್ಶಬ್ದವಾಯಿತು. ತಲೆಯೊಳಗೆ ಯಾರೋ ಅಂದರು: ಮೂವತ್ತೆರಡು. ನಿಲ್ಲಿಸಲು ನೋಡಿದೆ, ಆಗಲಿಲ್ಲ. ಎಪ್ಪತ್ತಕ್ಕೆ ತಾನೇ ನಿಂತಿತು, ನಿಂತಾಗ ಬೆನ್ನ ಹಿಂದಿನ ಸೀಟಿನಲ್ಲಿ ಒದ್ದೆ ಬಟ್ಟೆಯ ವಾಸನೆ. ತಿರುಗಿ ನೋಡಿದರೆ ಸೀಟು ಖಾಲಿ. ಆಮೇಲೆ ಎಲ್ಲೆಂದರಲ್ಲಿ. ಟೀ ಅಂಗಡಿಯಲ್ಲಿ ಹಾಲು ಉಕ್ಕುವುದನ್ನು ಕಾಯುವಾಗ. ಅವ್ವ ಏನೋ ಕೇಳಿ ಉತ್ತರಕ್ಕೆ ಕಾದಾಗ. ಯಾವಾಗಲೂ ಮೂವತ್ತೆರಡರಿಂದಲೇ. ಹೊಳೆಯಲ್ಲಿ ತಲೆ ಮುಳುಗಿಸಿದರೆ, ಹಾಡುಹಗಲಲ್ಲಿ, ಸುತ್ತ ಹೆಂಗಸರು ಬಟ್ಟೆ ಒಗೆಯುತ್ತಿರುವಾಗಲೇ, ನೀರೊಳಗೆ ಆ ಹಂತ ಕಾಣುತ್ತಿತ್ತು. ಅದರ ಮೇಲೆ ಒಬ್ಬ ಕುಳಿತಿರುತ್ತಿದ್ದ. ಚಲುವರಾಜು ಅಲ್ಲ. ನಾನೇ.

ಹೊಳೆ ಕಾಯುವ ಕೆಲಸಕ್ಕೆ ಅರ್ಜಿ ಕರೆದರು. ಸೋಮವಾರ ಕಡೇ ದಿನ. ಭಾನುವಾರ ಪತ್ರ ತೋರಿಸಲು ದ್ಯಾವಯ್ಯನ ಹತ್ತಿರ ಹೋದೆ. ಅವನಿಗೆ ಓದು ಬರದು, ಕಿವಿಯೂ ಮಂದ. ಗಟ್ಟಿಯಾಗಿ ಓದಿದೆ.

"ಎಣ ಬಂಡೆ ಸಂದೀಲಿತ್ತಂತಾ?" ಅಂದ.

"ಊಂ ಅಜ್ಜ. ಬಂಡೆ ಸಂದಿ."

"ಮಣ್ಣು ತಂದ್ಯೇನ್ಲಾ?"

"ತಂದೆ."

"ಎಂಗಿತ್ತು?"

"ಕೆಂಪಗಿತ್ತು," ಅಂದುಬಿಟ್ಟೆ.

ದ್ಯಾವಯ್ಯ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ. "ಕಲ್ಲು ಒಡ್ದಿರೋ ಗುಂಡಿ ತಳ್ದಾಗೆ ಕಲ್ಪುಡಿ ಇರ್ತದೆ ಕಣ್ಲಾ. ಬೆಳ್ಳಗೆ, ಸುಣ್ಣದಂಗೆ. ಕೆಂಪ್ಮಣ್ಣು ಮಳೆಗೆ ದಡದಿಂದ ಜಾರೋದು." ಅಷ್ಟು ಹೇಳಿ ಹೊಳೆ ಕಡೆ ತಿರುಗಿ ಕುಳಿತ. ಅತ್ತಲೇ ನೋಡುತ್ತ, "ಅರ್ಜಿ ಆಕು, ಇಲ್ಲ ಬುಡು. ನಿನ್ನಿಷ್ಟ. ನಾ ಯಾರ್ ಮುಂದೂ ಏಳಾಕಿಲ್ಲ," ಅಂದ.

ಬೈಯಬೇಕಿತ್ತು. ಎರಡು ಬಾರಿಸಬೇಕಿತ್ತು. ನನ್ನಿಷ್ಟವಂತೆ! ನನಗೆ ಬಂದ ಕೋಪಕ್ಕೆ ಅವನ ಎಲೆಯಡಿಕೆ ತಟ್ಟೆಯನ್ನು ಒದ್ದು ಹೊರಟೆ. ನೂರು ಹೆಜ್ಜೆ ನಡೆದ ಮೇಲೆ ವಾಪಸ್ ಬಂದು, ಚೆಲ್ಲಿದ ಎಲೆ ಅಡಿಕೆಯನ್ನೆಲ್ಲ ಆರಿಸಿ ತಟ್ಟೆಗಿಟ್ಟೆ. ಅವನು ತಿರುಗಿ ನೋಡಲಿಲ್ಲ.

ಸೋಮವಾರ ಅರ್ಜಿ, ಪತ್ರ ಎರಡನ್ನೂ ಅಂಗಿ ಜೇಬಿನಲ್ಲಿಟ್ಟುಕೊಂಡು ಆಫೀಸಿನ ಬಾಗಿಲವರೆಗೆ ಹೋದೆ. ಸಾಲಿನಲ್ಲಿ ಆರು ಜನರಿದ್ದರು. ಐವರಿಗೆ ನಾನೇ ಈಜು ಕಲಿಸಬಹುದಿತ್ತು. ಕೆಲಸ ನನಗೇ ಸಿಗುತ್ತಿತ್ತು, ಅದರಲ್ಲಿ ಅನುಮಾನವಿರಲಿಲ್ಲ. ಸಾಲು ಒಬ್ಬರಷ್ಟು ಮುಂದೆ ಸರಿಯಿತು. ಮೂವತ್ತೆರಡು, ಅಂದಿತು ತಲೆ. ನಾಳೆ ಹೊಳೆಯಲ್ಲಿ ಯಾರೋ ಮುಳುಗುತ್ತಾರೆ, ಅವರ ಮನೆಯವರು ದಡದಲ್ಲಿ ನಿಲ್ಲುತ್ತಾರೆ, ನಾನು ಮುಷ್ಟಿ ಬಿಚ್ಚುತ್ತೇನೆ. ಅದರಲ್ಲಿ ಇರುವುದು ಎಲ್ಲಿನ ಮಣ್ಣು ಅಂತ ಯಾರು ಹೇಳಬೇಕು?

ಸಾಲು ಬಿಟ್ಟು ಪಾಂಡವಪುರದ ಬಸ್ಸು ಹತ್ತಿದೆ. ಅಲ್ಲಿಂದ ಚಿನಕುರಳಿ.

ನಡುಮಧ್ಯಾಹ್ನ. ಗುಂಡಿಯ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಅಂಗಿ ಬಿಚ್ಚಿ ಚಪ್ಪಲಿಯ ಮೇಲಿಟ್ಟು ಇಳಿದೆ. ಮೊದಲ ಸಲ ಹಂತದವರೆಗೆ ಹೋಗಿ ವಾಪಸ್ ಬಂದೆ. ಎರಡನೇ ಸಲವೂ ಅಷ್ಟೇ. ದಡದ ಮೇಲೆ ಕುಳಿತು ನನಗೆ ನಾನೇ ಹೊಲಸು ಬೈದುಕೊಂಡೆ. ನೋಡುವವರಿಲ್ಲದ ಕಡೆ ಧೈರ್ಯ ಬರುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು.

ಮೂರನೇ ಸಲ ಹಂತದ ಅಂಚಿಗೆ ಮೂವತ್ತೊಂದಕ್ಕೆ ಮುಟ್ಟಿ, ನಿಲ್ಲದೆ ತಲೆ ಕೆಳಗೆ ಮಾಡಿ ಹಾರಿಕೊಂಡೆ. ಮೂವತ್ತೆರಡು. ಇವತ್ತು ಎಣಿಸುತ್ತಿದ್ದವನು ನಾನು. ನಲವತ್ತು. ಎದೆ ಒತ್ತಿತು. ನಲವತ್ತಾರಕ್ಕೆ ಎರಡೂ ಅಂಗೈ ಊರಿದವು.

ಕತ್ತಲೆಯಲ್ಲಿ ಸುತ್ತ ಕೈಯಾಡಿಸಿದೆ. ಎಡಕ್ಕೆ, ಬಲಕ್ಕೆ, ಗೋಡೆಯ ಬುಡದವರೆಗೆ. ಸಂದಿ ಹುಡುಕುತ್ತಿದ್ದೆ. ದೇವರೇ, ಒಂದು ಸಂದಿ ಇರಲಿ, ಒಂದು ಬಂಡೆಯಾದರೂ ಸಿಗಲಿ. ಏನೂ ಇರಲಿಲ್ಲ. ಸಾರಿಸಿದ ಕಣದ ಹಾಗೆ ತಳ ಸಮತಟ್ಟಾಗಿತ್ತು. ಅವತ್ತು ಇಳಿದಿದ್ದರೆ ಅವನು ನನ್ನ ಕೈಗೇ ಸಿಗುತ್ತಿದ್ದ.

ಒಂದು ಹಿಡಿ ಬಾಚಿಕೊಂಡು ಮೇಲೆ ಬಂದೆ. ಬಿಸಿಲಲ್ಲಿ ಮುಷ್ಟಿ ಬಿಚ್ಚಿದರೆ ಬೆಳ್ಳಗಿನ ಕಲ್ಲುಪುಡಿ. ಅದನ್ನು ಕಟ್ಟಿಕೊಳ್ಳಲು ಇದ್ದದ್ದು ಅರ್ಜಿ, ಪತ್ರ ಎರಡೇ. ಜೇಬಿನಲ್ಲಿದ್ದ ಪತ್ರ ತೆಗೆದು ಅದರಲ್ಲೇ ಕಟ್ಟಿದೆ. ನೀಲಿ ಸೀಲು ಇಳಿದು ಬೆರಳಿಗೆ ಹತ್ತಿತು.

ಮಾದಮ್ಮ ರಸ್ತೆ ಬದಿ ಜಲ್ಲಿ ಒಡೆಯುತ್ತಿದ್ದಳು. ಕೈಯಲ್ಲಿ ಬಳೆ ಇರಲಿಲ್ಲ. ಅವಳ ಮುಂದೆ ಕೂತು ಪೊಟ್ಟಣ ಬಿಚ್ಚಿದೆ. ಅವಳು ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ ನೋಡಿದಳು.

"ಇದು ತಳದ್ದು," ಅಂದಳು. "ಅವತ್ತು ನೀ ತಂದಿದ್ದು ಹಂತದ್ದು."

"ನಿಂಗೆ ಗೊತ್ತಿತ್ತಾ?"

"ಆರು ವರ್ಸ ಆ ಗುಂಡೀಲಿ ಕಲ್ಲು ಒತ್ತಿವ್ನಿ ಅಣ್ಣ. ನಂಗೊತ್ತಿರಾಕಿಲ್ವಾ?"

"ಮತ್ಯಾಕೆ ಅವತ್ತೇ ಹೇಳ್ಲಿಲ್ಲ? ನನ್ನ ಕಪಾಳಕ್ಕೆ ಹೊಡೀಬೇಕಿತ್ತು. ಇನ್ನೊಂದು ಸಲ ಮುಳುಗಿಸಬೇಕಿತ್ತು!" ನಾನು ಅರಚುತ್ತಿದ್ದೆ. ಯಾರ ಮೇಲೆ ಅರಚುತ್ತಿದ್ದೇನೆ ಅನ್ನುವ ಪರಿವೆಯೂ ಇರಲಿಲ್ಲ.

ಅವಳು ಸುತ್ತಿಗೆ ಕೆಳಗಿಟ್ಟಳು. "ನಂಗೂ ಅವತ್ತು ಕೆಂಪೇ ಬೇಕಾಗಿತ್ತು," ಅಂದಳು.

ಒಂದು ಲಾರಿ ಧೂಳೆಬ್ಬಿಸಿಕೊಂಡು ಹೋಯಿತು. ಧೂಳು ಇಳಿಯಿತು. ಆಮೇಲೆ ಅವಳೇ ಕೇಳಿದಳು.

"ಆ ಹಂತದಿಂದ ಅವ್ನಿದ್ದ ತಾವ್ಕೆ ಎಷ್ಟು ದೂರ?"

"ಹದಿನೈದು ಎಣಿಸೋ ಅಷ್ಟು."

ಮಾದಮ್ಮ ಮುಂದಿದ್ದ ಜಲ್ಲಿಯಿಂದ ಒಂದೊಂದೇ ಕಲ್ಲು ತೆಗೆದು ಪಕ್ಕಕ್ಕಿಟ್ಟಳು. ಕಣದಲ್ಲಿ ರಾಗಿ ಅಳೆಯುವಾಗ ಒಂದು ಅನ್ನದೆ ಲಾಭ ಅನ್ನುತ್ತಾರಲ್ಲ, ಹಾಗೆಯೇ ಎಣಿಸಿದಳು. ಲಾಭ. ಎರಡು. ಮೂರು. ನಿಧಾನವಾಗಿ, ಒಂದನ್ನೂ ಬಿಡದೆ. ಹದಿನೈದಕ್ಕೆ ಕೈ ನಿಲ್ಲಿಸಿ ಆ ಚಿಕ್ಕ ಗುಡ್ಡೆ ನೋಡಿದಳು.

"ಇಷ್ಟೇಯಾ?" ಅಂದಳು.

"ಹೂಂ," ಅಂದೆ. "ಇಷ್ಟೇ."