ರಬ್ಬರ್ ಅಜ್ಜಿಯ ದನಿ

ಟಿಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಕ್. ಅಮ್ಮನ ಉಂಗುರ ಮಂಚದ ಕಂಬಿಗೆ ತಗಲುವ ಸದ್ದು. ಸೊಂಟದ ಮೂಳೆ ಮುರಿದು ತುರ್ತು ವಾರ್ಡಿನಲ್ಲಿ ಮಲಗಿದ್ದ ಅಮ್ಮ, ನೋವು ಎದ್ದಾಗಲೆಲ್ಲ ಕಂಬಿ ಹಿಡಿಯುತ್ತಿದ್ದಳು. ನಡುರಾತ್ರಿ ಕಳೆದಿತ್ತು. ಸ್ಕ್ಯಾನ್ ಯಂತ್ರ ಮೂಲೆಯಲ್ಲಿ ಮುಸುಕು ಹಾಕಿಕೊಂಡು ನಿಂತಿತ್ತು. ಅದರಲ್ಲಿ ನೋಡಿಕೊಂಡು ತೊಡೆಯ ನರದ ಪಕ್ಕ ಒಂದು ಸೂಜಿ ಹಾಕಿದ್ದರೆ ಕಾಲು ಮರಗಟ್ಟಿ ಅಮ್ಮನಿಗೆ ನಿದ್ದೆ ಹತ್ತುತ್ತಿತ್ತು. ಮಗಳಿಗೆ ಅದು ಗೊತ್ತಿತ್ತು. ಡಾಕ್ಟರುಗಳಿಗೆ ಆ ಸೂಜಿ ಕಲಿಸುವ ಕೇಂದ್ರದಲ್ಲೇ ಅವಳ ಕೆಲಸ. ಹೋಗಿ ಕೇಳಿದಳು, ಬೇಡಿಕೊಂಡಳು. ಡ್ಯೂಟಿ ಡಾಕ್ಟರು ಫೋನಿನಿಂದ ಕಣ್ಣೆತ್ತಲಿಲ್ಲ.

"ವಯಸ್ಸಾದವ್ರು ಹೀಗೇನಮ್ಮ. ಸ್ವಲ್ಪ ಜಾಸ್ತಿ ಮಾಡ್ತಾರೆ."

ಅಮ್ಮ ಆ ತಿಂಗಳು ದಾಟಲಿಲ್ಲ.

ಮರುವರ್ಷ ಅದೇ ಡಾಕ್ಟರು ತರಬೇತಿಗೆ ಬಂದ. ಬಾಗಿಲಲ್ಲಿ ಅವಳ ಕೈಯಿಂದಲೇ ಕೈಗವಸು ತೆಗೆದುಕೊಂಡ. ಗುರುತು ಹಿಡಿಯಲಿಲ್ಲ.

ಮೇಜಿನ ಮೇಲೆ ಮಲಗಿದ್ದ ಗೊಂಬೆಗೆ ತರಬೇತಿಗೆ ಬಂದ ಹುಡುಗರು ಇಟ್ಟ ಹೆಸರು ರಬ್ಬರ್ ಅಜ್ಜಿ. "ಪಾಪ, ನಮ್ಮಜ್ಜಿಗೆ ಬೆಳಗ್ಗೆಯಿಂದ ಇದು ಐದನೇ ಸಲ ಸೊಂಟ ಮುರೀತಿರೋದು," ಎಂದು ಒಬ್ಬ ಕಿರಿಯ ವೈದ್ಯ ನಗಿಸಿದ. ಅವಳು ಕನ್ನಡಿಗಾಜಿನ ಹಿಂದೆ ಹೋಗಿ ಕುಳಿತಳು. ಅಜ್ಜಿಯ ನಾಡಿ, ಉಸಿರು ಅವಳ ಬೆರಳ ತುದಿಯ ಗುಂಡಿಗಳಲ್ಲಿ. ಅಜ್ಜಿಯ ದನಿಯೂ ಅವಳದೇ, ಮೈಕಿನಲ್ಲಿ.

"ಅಯ್ಯೋ, ಕಾಲು ಮುಟ್ಟಬೇಡಪ್ಪ," ಎಂದಳು. ಅದು ಅಮ್ಮನ ಮಾತು.

ಆ ಡಾಕ್ಟರು ಬಗ್ಗಿ ಗೊಂಬೆಯ ಭುಜದ ಮೇಲೆ ಕೈಯಿಟ್ಟ. "ಹೆದರ್ಕೋಬೇಡಿ ಅಜ್ಜಿ. ಒಂದೇ ಒಂದು ಚುಚ್ಚು. ಆಮೇಲೆ ಆರಾಮಾಗಿ ನಿದ್ದೆ ಮಾಡ್ತೀರಂತೆ."

ಇವನಿಗೆ ಇಷ್ಟು ಮೆತ್ತಗೆ ಮಾತಾಡಲು ಬರುತ್ತದೆ. ನೋಡುವವರಿದ್ದರೆ, ಅಂಕ ಹಾಕುವವರಿದ್ದರೆ, ಪ್ಲಾಸ್ಟಿಕ್ಕಿನ ಜೊತೆಗೂ ಬರುತ್ತದೆ.

ಸೂಜಿ ಸರಿಯಾದ ಜಾಗಕ್ಕೇ ಹೋಯಿತು. ಪಾಠದ ಪ್ರಕಾರ ಮುಂದಿನದು ಅಪಾಯ: ಮದ್ದು ರಕ್ತಕ್ಕೆ ಸೇರಿದೆ ಎಂದು ಅವಳು ಸುಳಿವು ಕೊಡಬೇಕು. "ನಾಲಿಗೆ ಜುಮ್ಮ್ ಅಂತಿದೆಯಪ್ಪ." ಅವನು ತಕ್ಷಣ ಕೈ ನಿಲ್ಲಿಸಿದ. ಅವಳು ಅಜ್ಜಿಗೆ ಫಿಟ್ಸ್ ತರಿಸಿದಳು, ಎದೆಬಡಿತ ನಿಲ್ಲಿಸಿದಳು. ಅವನು ಹುಡುಗರಿಂದ ಎದೆ ಒತ್ತಿಸಿದ, ವಿಷ ಮುರಿಯುವ ಹಾಲುಬಣ್ಣದ ಕೊಬ್ಬಿನ ಮದ್ದನ್ನು ಹೊತ್ತಿಗೆ ಸರಿಯಾಗಿ ಏರಿಸಿದ. ಇನ್ನು ಅವಳು 'ಮದ್ದು ಸಂದಿದೆ' ಎಂಬ ಗುಂಡಿ ಒತ್ತಬೇಕು, ಅಜ್ಜಿ ಬದುಕಬೇಕು.

ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

ಪರದೆಯ ಮೇಲೆ ಗೆರೆ ನೆಟ್ಟಗೇ ಓಡಿತು. ಅವನು ತಾನೇ ಎದೆ ಒತ್ತತೊಡಗಿದ. ಹಣೆಯ ಬೆವರು ಗೊಂಬೆಯ ಮೇಲೆ ತೊಟ್ಟಿಕ್ಕಿತು. ಒತ್ತು, ಇನ್ನೂ ಒತ್ತು, ಎಂದುಕೊಂಡಳು.

ಪಾಠ ಹೇಳುವ ಮೇಡಂ ಅವಳ ಕಿವಿಯ ಇಯರ್‌ಫೋನಿನಲ್ಲಿ ಪಿಸುಗುಟ್ಟಿದರು: "ಏನೇ ಇದು? ಮದ್ದು ತಡವಾಯ್ತಾ?"

"ಹೂಂ ಮೇಡಂ. ತಡ ಆಯ್ತು."

"ಸರಿ ಬಿಡು, ಹೋಗ್ಲಿ ಅಜ್ಜಿ. ಮನೆಯವ್ರಿಗೆ ಹೇಳೋದನ್ನೂ ಕಲೀಲಿ. ನೀನೇ ಮಗಳಾಗಿ ಬಾ."

ಅವಳು ಎದ್ದು ಹೋಗಿ ಅವನೆದುರು ನಿಂತಳು. ಅವನು ಕೈಗವಸು ಕಳಚಿದ.

"ನಿಮ್ಮ ತಾಯಿ ಉಳೀಲಿಲ್ಲಮ್ಮ. ನಾನು ಹಾಕಿದ ಮದ್ದಿಂದಾನೇ ಹೀಗಾಯ್ತು. ತಪ್ಪು ನಂದು. ಕ್ಷಮಿಸಿ."

"ಅಮ್ಮ ನರಳ್ತಿದ್ದಾಗ ನೀವೇನಂದ್ರಿ ಡಾಕ್ಟ್ರೇ?"

"ಏನಂದೆ?"

"ವಯಸ್ಸಾದವ್ರು ಸ್ವಲ್ಪ ಜಾಸ್ತಿ ಮಾಡ್ತಾರೆ ಅಂದ್ರಿ."

ಅವನು ಗಲಿಬಿಲಿಯಿಂದ ಹುಡುಗರತ್ತ ತಿರುಗಿದ. "ನಾನು ಹಾಗಂದ್ನೇನ್ರೋ?"

"ಇಲ್ಲ ಸಾರ್. ಅಕ್ಕ ಪಾರ್ಟೊಳಗೆ ಇಳಿದುಬಿಟ್ಟಿದ್ದಾರೆ," ಎಂದ ಕಿರಿಯ ವೈದ್ಯ. ಎಲ್ಲರೂ ನಕ್ಕರು. ಅವನೊಬ್ಬ ನಗಲಿಲ್ಲ. ನೆನಪೂ ಮಾಡಿಕೊಳ್ಳಲಿಲ್ಲ.

ಸಂಜೆ ಅವಳು ಅಜ್ಜಿಯ ತೊಡೆಗೆ ಮೆತ್ತಿದ್ದ ಜೆಲ್ ಒರೆಸುತ್ತಿದ್ದಾಗ ಅವನು ಬಾಗಿಲ ಬಳಿ ಮೇಡಂ ಜೊತೆ ಮಾತಾಡುತ್ತಿದ್ದ.

"ಈ ಸೂಜಿ ಸಹವಾಸ ನಂಗೆ ಬೇಡ ಮೇಡಂ. ಮಾತ್ರೆ ಕೊಟ್ಟು ಬೆಳಗಿನವರೆಗೆ ಕಾಯಿಸ್ತೀನಿ. ನೋವಿಂದ ಯಾರೂ ಸಾಯಲ್ಲ."

ಅವಳು ಒರೆಸುತ್ತಿದ್ದ ಬಟ್ಟೆ ನಿಂತಿತು. ಹಾಗಾದರೆ ಮುಂದಿನ ಅಜ್ಜಿಯೂ ಕಂಬಿ ಹಿಡಿಯುತ್ತಾಳೆ. ಅವಳ ಬೆರಳಲ್ಲೂ ಉಂಗುರ ಇರಬಹುದು, ಬಾಗಿಲಲ್ಲಿ ಮಗಳೂ ನಿಂತಿರಬಹುದು. 'ನೀವು ಎಲ್ಲ ಸರಿಯಾಗೇ ಮಾಡಿದ್ರಿ, ಗುಂಡಿ ಒತ್ತದವಳು ನಾನು' ಎಂದರೆ ಸಾಕು, ಅವನ ಸೂಜಿಯ ಭಯ ಹೋಗುತ್ತದೆ. ಅಷ್ಟೇ ಅಲ್ಲ, ಇವತ್ತು ರಾತ್ರಿ ಅವನಿಗೆ ನಿದ್ದೆಯೂ ಬರುತ್ತದೆ.

ಮೇಡಂ ತಿರುಗಿ ನೋಡಿದರು. "ಏನೇ, ಏನಾದ್ರೂ ಹೇಳ್ಬೇಕಿತ್ತಾ?"

ಅವಳು ಅವನ ಮುಖ ನೋಡಿದಳು. ನಿದ್ದೆ ಬರುತ್ತದೆ ಇವನಿಗೆ.

"ಏನಿಲ್ಲ ಮೇಡಂ," ಎಂದಳು. ಯಾರಿಗೂ, ಎಂದೂ ಹೇಳುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡು, ರಬ್ಬರ್ ಅಜ್ಜಿಯ ಮೇಲೆ ಮುಸುಕು ಎಳೆದಳು.