ಕನ್ನಡಕದ ಡಬ್ಬಿ

ದೊಡ್ಡ ಟೀಚರ್ ಶಾಲೆಯಿಂದ ನಿವೃತ್ತರಾಗಿ ಒಂಬತ್ತು ವರ್ಷವಾಗಿತ್ತು, ಗದರುವ ಕೆಲಸದಿಂದ ಮಾತ್ರ ಇನ್ನೂ ಆಗಿರಲಿಲ್ಲ. ಚರ್ಚಿನ ಹಿಂದಿನ ಕೋಣೆಯಲ್ಲಿ ಶನಿವಾರ ಸಂಜೆ ಸೇರುವ ಮಹಿಳಾ ಕೂಟಕ್ಕೆ ಅವರೇ ಯಜಮಾನಿ. ಹಿಂದೊಮ್ಮೆ ಎರಡು ಟೀ ಕಪ್ಪು ಕಾಣೆಯಾದ ಮೇಲೆ ಅವನ್ನಿಡುವ ಬೀರುವಿಗೆ ಬೀಗ ಬಿದ್ದಿತ್ತು; ಅದರ ಕೀ ಅವರ ಬಳಿಯೇ. ಯಾರು ಏನೇ ಕಳೆದುಕೊಳ್ಳಲಿ, "ಇಡೋ ಜಾಗದಲ್ಲಿ ಇಟ್ರೆ ಹುಡುಕೋ ಕೆಲಸವೇ ಇಲ್ಲಮ್ಮ" ಎಂಬ ಪಾಠ ತಪ್ಪುತ್ತಿರಲಿಲ್ಲ.

ಆ ಶನಿವಾರ ಬೇಕರಿಯಕ್ಕ ಹೊಸಬಳೊಬ್ಬಳನ್ನು ಕರೆತಂದಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು. ಅವಳನ್ನು ಒಳಗೆ ಕೂರಿಸಿ ಬಂದು ಟೀಚರ ಕಿವಿಯಲ್ಲಿ ಉಸುರಿದಳು: "ಕಳ್ಳತನದ ಕೇಸಲ್ಲಿ ಮೂರು ವರ್ಷ ಒಳಗಿದ್ದು ಬಂದಿದ್ದಾಳೆ. ನಿಮಗೊಬ್ರಿಗೇ ಹೇಳ್ತಿದ್ದೀನಿ. ಯಾರಾದ್ರೂ ಒಂಥರಾ ನೋಡಿದ್ರೆ ಮತ್ತೆ ಈ ಕಡೆ ತಲೆ ಹಾಕಲ್ಲ."

"ನಮ್ಮ ಕೂಟದಲ್ಲಿ ಯಾರೂ ಹಾಗೆ ನೋಡಲ್ಲ" ಎಂದರು ಟೀಚರ್, ಠೀವಿಯಿಂದ.

ಪ್ರಾರ್ಥನೆ ಮುಗಿಯಿತು, ಟೀ ಕುದಿಯಿತು, ಕೀ ಇಲ್ಲ. ಟೀಚರ್ ಚೀಲ ಜಾಲಾಡಿದರು, ಬೈಬಲ್ ಕೊಡವಿದರು. ಕೊನೆಗೆ ಕನ್ನಡಕದ ಡಬ್ಬಿ ತೆರೆದರೆ, ಒರೆಸುವ ಬಟ್ಟೆಯ ಕೆಳಗೆ ಕೀ ತಣ್ಣಗೆ ಮಲಗಿತ್ತು! ಇಷ್ಟು ವರ್ಷದ ಪಾಠ ಎಲ್ಲರೆದುರು ಮಣ್ಣುಪಾಲಾಗುವುದೇ? ಟಪ್ಪನೆ ಡಬ್ಬಿ ಮುಚ್ಚಿದರು.

"ಇವತ್ತು ಟೀ ಬೇಡ ಬಿಡಿ."

"ಟೀಚರ್, ನೈಟ್ ಡ್ಯೂಟಿ ಮಾಡಿ ತಲೆ ಸಿಡೀತಿದೆ" ಎಂದು ನರ್ಸಮ್ಮ ಹಣೆ ಒತ್ತಿಕೊಂಡಳು.

ಇಸ್ತ್ರಿಯವಳಿಗೆ ಪಾಪ ಅನ್ನಿಸಿತು. ಎದ್ದು ಬೀರುವಿನ ಬಳಿ ಹೋಗಿ ತಲೆಯಿಂದ ಪಿನ್ನು ತೆಗೆದಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬೀಗ ಬಾಯಿ ಬಿಟ್ಟಿತು.

"ಅಬ್ಬಾ! ಎಲ್ಲಿ ಕಲಿತ್ರಿ ಇದನ್ನ?" ಎಂದು ನರ್ಸಮ್ಮ ಚಪ್ಪಾಳೆ ತಟ್ಟಿದಳು.

ಇಸ್ತ್ರಿಯವಳ ಮುಖ ಬಿಳಿಚಿತು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಹಳೇ ಕಸುಬು. ಅದಕ್ಕೇ ಜೈಲಿಗೆ ಹೋಗಿದ್ದೆ."

ಲಾಯರಮ್ಮನ ಕೈ ತಾನಾಗಿಯೇ ತನ್ನ ಚೀಲದ ಮೇಲೆ ಹೋಯಿತು. ಇಸ್ತ್ರಿಯವಳು ಅದನ್ನು ನೋಡಿದಳು. ಬಾಗಿಲ ಕಡೆ ನಡೆದಳು.

ಟೀಚರ್ ಓಡಿಹೋಗಿ ಅವಳ ಕೈ ಹಿಡಿದು, ಎಲ್ಲರಿಗೂ ಕಾಣುವಂತೆ ಡಬ್ಬಿ ತೆರೆದರು.

"ಕೀ ಇಲ್ಲೇ ಇತ್ತು. ನೀನು ಏಳೋಕೆ ಮುಂಚೇನೇ ಸಿಕ್ಕಿತ್ತು. ನಾಚಿಕೆಯಾಗಿ ಬಾಯಿ ಬಿಡಲಿಲ್ಲ. ನನ್ನ ಮಾನ ಉಳಿಸ್ಕೊಳ್ಳೋಕೆ ಹೋಗಿ ನಿನ್ನ ಮಾನ ಕಳೆದೆ. ತಪ್ಪಾಯ್ತಮ್ಮ, ಹೋಗ್ಬೇಡ."

ಮೊದಲು ನಕ್ಕಿದ್ದು ಹೂ ಮಾರುವ ಅಜ್ಜಿ. "ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ರಲ್ಲಾ ಟೀಚರ್!" ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು. ಟೀಚರೂ ಕಣ್ಣೊರೆಸಿಕೊಂಡು ನಕ್ಕರು.

ಲಾಯರಮ್ಮ ನಾಚಿಕೆಯಿಂದ ಮುಖ ಕೆಂಪಾಗಿ ಎದ್ದು ಬಂದು ಇಸ್ತ್ರಿಯವಳನ್ನು ಕೂರಿಸಿದಳು, ತನ್ನ ಚೀಲವನ್ನು ಅವಳ ಮಡಿಲಲ್ಲಿಟ್ಟಳು. "ಸ್ವಲ್ಪ ನೋಡ್ಕೊಳ್ಳಿ ಅಕ್ಕ, ನಾನು ಟೀ ತರ್ತೀನಿ."

ಟೀ ಬಂತು. ಕಪ್ಪು ಹಿಡಿಯಬೇಕಾದರೆ ಚೀಲ ಬಿಡಬೇಕು, ಅವಳು ಬಿಡಲೊಲ್ಲಳು. ಎರಡೂ ಕೈಯಲ್ಲಿ ಅಪ್ಪಿಕೊಂಡೇ ಕೂತಿದ್ದಳು, ಕೆನ್ನೆ ಒದ್ದೆಯಾಗಿತ್ತು. ಟೀ ಆರುತ್ತಿತ್ತು.

ಕೊನೆಗೆ ಟೀಚರೇ ಗದರಿದರು: "ಮುಂದಿನ ಶನಿವಾರಾನೂ ಚೀಲ ಕೊಡ್ತಾಳೆ ಕಣೇ. ಈಗ ಟೀ ಕುಡಿ."